ಜಿಂಕೆ ತಿನ್ನದ ಹೂವು

"ಕಲ್ಲು ಗಿಲ್ಲು ಎಸೀಬ್ಯಾಡಿ ಕಣ್ರೀ, ಅವುಗಳಲ್ಲಿ ಬಸುರಿ ಇರ್ತವೆ."

ನನ್ನ ಹೆಂಡತಿ ನನಗೆ ಹೇಳಿದ ಕೊನೇ ಮಾತು ಇದು. ತುಮಕೂರಿನ ಆಸ್ಪತ್ರೆ. ಬೆಳಗಿನ ಹೊತ್ತು. ಮನೆಗೆ ಹೋಗಿ ಬಟ್ಟೆ ತರ್ತೀನಿ ಅಂತ ಎದ್ದೆ. ಬಾಗಿಲ ಹತ್ರ ಹೋದವನನ್ನು ಕರೆದು ಇಷ್ಟು ಹೇಳಿದಳು. ಬೇರೆಯವರ ಹೆಂಡತಿಯರು ಮಗಳನ್ನ ನೋಡ್ಕೊಳ್ಳಿ ಅಂತಾರೆ, ಹೊತ್ತಿಗೆ ಸರಿಯಾಗಿ ಊಟ ಮಾಡಿ ಅಂತಾರೆ. ನಮ್ಮವಳಿಗೆ ಜಿಂಕೆ ಚಿಂತೆ. ನಾನು ಬಟ್ಟೆ ತಗೊಂಡು ವಾಪಸ್ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ನಮ್ಮ ಮನೆ ಊರ್ಡಿಗೆರೆ ದಾಟಿ ದುರ್ಗದ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿದೆ. ಮುಂದೆ ಟಾರ್ ರಸ್ತೆ, ಹಿಂದೆ ಕಾಡು. ನಾನು ತುಮಕೂರಿನಲ್ಲಿ ಮೋಟರ್ ವೈಂಡಿಂಗ್ ಮಾಡ್ತಿದ್ದವನು. ನಾಲ್ಕನೇ ಕ್ಲಾಸು ಓದಿದ್ದೀನಿ. ಹೂವಿನ ವಿಚಾರ ನನಗೆ ಗೊತ್ತಿರಲಿಲ್ಲ. ಅದೆಲ್ಲ ಅವಳದು. ಅವಳು ಗಿಡ ಹಾಕ್ತಾಳೆ, ಜಿಂಕೆ ಬಂದು ತಿಂತವೆ, ಅವಳು ಇನ್ನೊಂದು ಹಾಕ್ತಾಳೆ. ಬೆಳಿಗ್ಗೆ ಬಾಗಿಲು ತೆಗೆದು "ಬಂದ್ರೇನ್ರಮ್ಮ? ತಿಂಡಿ ಆಯ್ತಾ?" ಅಂತ ಕೇಳೋಳು. ಅವು ಕಿವಿ ಅಲ್ಲಾಡಿಸೋವು. ನನಗಿಂತ ಚೆನ್ನಾಗಿ ಮಾತು ಕೇಳಿಸಿಕೊಳ್ತವೆ ಅನ್ನೋಳು.

ನಮ್ಮಲ್ಲಿ ಸುಡೋದಿಲ್ಲ, ಮಣ್ಣು ಮಾಡ್ತೀವಿ. ಅವಳ ಗದ್ದುಗೆ ನಮ್ಮ ಜಮೀನಿನಲ್ಲೇ ಆಯ್ತು, ಮನೆ ಪಕ್ಕ, ರಸ್ತೆಗೆ ಕಾಣುವ ಹಾಗೆ. ಮದುವೆಯಾದಾಗಿನಿಂದ ಅವಳ ತಲೆಯಲ್ಲಿ ಹೂವಿಲ್ಲದ ದಿನ ನಾನು ನೋಡಿಲ್ಲ. ಮುತ್ತೈದೆಯಾಗೇ ಹೋದಳು. ಅದಕ್ಕೆ ನನಗೆ ಒಂದೇ ಒಂದು ಹಟ ಹಿಡೀತು. ಅವಳ ಮೇಲೆ ಯಾವಾಗಲೂ ಹೂವು ಇರಬೇಕು. ಅಂಗಡಿಯಿಂದ ತಂದದ್ದು ಸಂಜೆಗೆ ಬಾಡುತ್ತೆ. ಅಲ್ಲೇ ಬೇರು ಬಿಟ್ಟು, ವರ್ಷದ ಮೇಲೆ ವರ್ಷ ಇದ್ದು, ತಾನೇ ಅರಳಬೇಕು. ಜಿಂಕೆ ಅದನ್ನ ತಿನ್ನಬಾರದು. ನಾನು ಕಲ್ಲು ಎಸೆಯುವ ಹಾಗಿಲ್ಲ.

ಇಷ್ಟೇ ಕೆಲಸ. ಒಂದು ವರ್ಷ ಹಿಡೀತು. ಸಾವಿನ ಮನೆಯಲ್ಲಿ ನಗಬಾರದು ಅಂತಾರೆ. ಏನು ಮಾಡೋದು, ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ನಡೀತಾನೇ ಇತ್ತು.

ಕಟಿಂಗ್

ಹನ್ನೊಂದನೇ ದಿನದ ಕಾರ್ಯಕ್ಕೆ ಮಗಳು ಕುಣಿಗಲ್‌ನಿಂದ ಬಂದಳು. ಬರುವಾಗ ಗುಲಾಬಿ ಗಿಡ ತಂದಿದ್ದಳು. ಅಮ್ಮನಿಗೆ ಇಷ್ಟ ಅಂತ ಗದ್ದುಗೆಯ ನಾಲ್ಕು ಮೂಲೆಗೂ ನೆಟ್ಟಳು. ನೆಡುವಾಗ ಹಿಡಿದುಕೊಂಡ ನನ್ನ ಕೈಯೆಲ್ಲ ಮುಳ್ಳು ಗೀರಿತು. "ಮುಳ್ಳಿದ್ರೆ ಒಳ್ಳೇದೇ ಅಪ್ಪ, ಜಿಂಕೆ ಬರಲ್ಲ" ಅಂದಳು.

ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕು ಕಡ್ಡಿ ನಿಂತಿವೆ. ಎಲೆ ಇಲ್ಲ, ಮೊಗ್ಗಿಲ್ಲ. ಮುಳ್ಳು ಮಾತ್ರ ಒಂದೂ ಮುಕ್ಕಾಗಿಲ್ಲ. ಅಷ್ಟು ಮುಳ್ಳಿನ ನಡುವೆ ನಾಲಗೆ ಹಾಕಿ ಎಲೆ ಮಾತ್ರ ಹೇಗೆ ಬಿಡಿಸಿಕೊಂಡವೋ. ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ತೆಳು ತಂತಿ ಸುತ್ತುವ ಕೈ ನನ್ನದು, ನಾಜೂಕು ಕೆಲಸ ಕಂಡರೆ ಗೊತ್ತಾಗುತ್ತೆ.

ಪಕ್ಕದ ಮನೆ ಮೇಷ್ಟ್ರು ವಾಕಿಂಗ್ ಮುಗಿಸಿ ಬಂದರು. ರಿಟೈರ್ ಆದವರು. ಕನ್ನಡಕ ಏರಿಸಿ ಕಡ್ಡಿ ನೋಡಿದರು.

"ಯಾರಯ್ಯ ಕಟಿಂಗ್ ಮಾಡಿದ್ದು? ಒಳ್ಳೇ ಹದ ಐತೆ ಕೈಯಲ್ಲಿ."

"ಜಿಂಕೆ ಮೇಷ್ಟ್ರೆ."

ಮೇಷ್ಟ್ರು ನಗಲಿಲ್ಲ. ಮತ್ತೊಮ್ಮೆ ಬಗ್ಗಿ ನೋಡಿದರು.

"ಯಾರಾದ್ರೂ ಆಗ್ಲಿ ಬುಡು. ನಮ್ಮನೆ ಬೇಲಿ ಬಲು ಬೆಳ್ಕಂಡೈತೆ. ನಾಳೆ ಒಂದ್ ಸಲ ನಮ್ ಕಡೀಗೂ ಕಳ್ಸು."

ಸೀರೆ

ಗುಲಾಬಿ ಆದ ಮೇಲೆ ದಾಸವಾಳ ಹಾಕಿದೆ. ಅದು ಜಿಂಕೆಗೆ ಹೋಳಿಗೆ ಇದ್ದ ಹಾಗೆ ಅಂತ ಆಮೇಲೆ ಗೊತ್ತಾಯ್ತು. ಬೇರು ಸಮೇತ ಎಳೆದಿದ್ದವು. ಮಲ್ಲಿಗೆ ಬಳ್ಳಿ ಮೂರು ಎಲೆ ಬಿಡುವವರೆಗೆ ಕಾದು, ಮೂರನ್ನೂ ತಿಂದವು.

ಗುಬ್ಬಿಯಿಂದ ನಾದಿನಿ ಬಂದಳು. ನನ್ನ ಹೆಂಡತಿಯ ತಂಗಿ. ಮಾತು ಜಾಸ್ತಿ, ಮನಸ್ಸು ಮೆತ್ತಗೆ.

"ಭಾವ, ನಮ್ ಕಡೆ ರಾಗಿ ಹೊಲಕ್ಕೆ ಹಂದಿ ಬರ್ದಿರ್ಲಿ ಅಂತ ಸುತ್ತಾ ಹಳೇ ಸೀರೆ ಕಟ್ತಾರೆ. ಗಾಳಿಗೆ ಪಟಪಟ ಅಂತಿದ್ರೆ ಯಾವ್ದೂ ಹತ್ರ ಸುಳಿಯಲ್ಲ. ಅಕ್ಕನ ಸೀರೆ ಇರ್ತವಲ್ಲ, ಕಟ್ಟಿ."

ನಾನು ಬೀರು ಕಡೆ ನೋಡಿದೆ. ಅವಳೂ ನೋಡಿದಳು.

"ಸರಿ ಬುಡಿ. ನನ್ನವೇ ತತ್ತೀನಿ" ಅಂದಳು.

ಮುಂದಿನ ಭಾನುವಾರ ಬ್ಯಾಗ್ ತುಂಬ ತಂದಳು. ಕೆಂಪು, ಹಸಿರು, ನೇರಳೆ, ಜರಿ ಇದ್ದದ್ದು, ಇಲ್ಲದ್ದು. ಇಬ್ಬರೂ ಸೇರಿ ಗೂಟ ನೆಟ್ಟು ಕಟ್ಟಿದೆವು. ನೋಡೋಕೆ ಚೆನ್ನಾಗೇ ಇತ್ತು. ಚೆನ್ನಾಗಿದ್ದದ್ದೇ ತೊಂದರೆ ಆಯ್ತು. ಸಂಜೆ ಬಸ್ಸು ನಿಂತಿತು. ಹೆಂಗಸರು ಇಬ್ಬರು ಇಳಿದು ಸೀದಾ ಬಂದು ಸೆರಗು ಹಿಡಿದು ಉಜ್ಜಿ ನೋಡಿದರು.

"ಅಣ್ಣಾ, ಇದ್ರಲ್ಲಿ ಬೇರೆ ಕಲರ್ ಐತಾ?"

"ಮಾರಕ್ಕಲ್ಲ ಕಣಮ್ಮ, ಜಿಂಕೆಗೆ" ಅಂದಳು ನಾದಿನಿ.

"ಜಿಂಕೆಗೆ ಇಷ್ಟು ಒಳ್ಳೇ ಸೀರೇನಾ?" ಅಂತ ಆ ಹೆಂಗಸು ನನ್ನನ್ನ ಮೇಲಿಂದ ಕೆಳಗೆ ನೋಡಿ, ಬಸ್ಸು ಹತ್ತಿತು. ಬಸ್ಸಿನ ಆ ಕಡೆ ಕಿಟಕಿಯವರೆಲ್ಲ ಈ ಕಡೆಗೆ ಬಂದು ನೋಡಿದರು.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಇಬ್ಬರೂ ಹೊರಗೆ ಬಂದೆವು. ದೊಡ್ಡ ಗಂಡು ಜಿಂಕೆ ಒಂದು ಸೀರೆ ಕೆಳಗೆ ತಲೆ ತೂರಿಸಿ, ನಾನು ಹಾಕಿದ್ದ ಸೇವಂತಿಗೆ ಮುಗಿಸಿತ್ತು. ತಲೆ ಎತ್ತಿದಾಗ ನೇರಳೆ ಸೀರೆ ಕೊಂಬಿಗೆ ಸಿಕ್ಕಿಕೊಂಡಿತು. ಅದು ಗಾಬರಿಯಾಗಲಿಲ್ಲ. ಕತ್ತು ನೆಟ್ಟಗೆ ಇಟ್ಟುಕೊಂಡು, ಸೆರಗು ನೆಲದ ಮೇಲೆ ಎಳೆದುಕೊಂಡು ಕಾಡಿನ ಕಡೆ ನಡೀತು. ಅದರ ಹಿಂದೆ ಹೆಣ್ಣು ಜಿಂಕೆಗಳೆಲ್ಲ ಸಾಲಾಗಿ ಹೊರಟವು. ಬೇಲಿ ಹತ್ರ ಒಮ್ಮೆ ತಲೆ ಕೊಡವಿ ಸೀರೆ ಬೀಳಿಸಿ ಹೋಯ್ತು. ಎಲ್ಲೂ ಹರಿದಿರಲಿಲ್ಲ.

ನಾದಿನಿ ಈಗ ಕೂಗ್ತಾಳೆ ಅಂದುಕೊಂಡೆ. ಲೋಟ ಹಿಡಿದುಕೊಂಡು ನೋಡ್ತಾನೇ ಇದ್ದಳು.

"ನನ್ ಸೀಮಂತದ್ ಸೀರೆ ಭಾವ ಅದು" ಅಂದಳು. ಆಮೇಲೆ ನಿಟ್ಟುಸಿರು ಬಿಟ್ಟಳು. "ನಾನ್ ಉಟ್ಕಂಡಾಗ ಹಿಂದೆ ಇಷ್ಟು ಜನ ಬಂದಿರ್ಲಿಲ್ಲ ಕಣ್ರಪ್ಪ."

ಗುಬ್ಬಿ ನರ್ಸರಿ

ನಾದಿನೀನೇ ನನ್ನನ್ನ ಗುಬ್ಬಿ ಹತ್ರ ಒಂದು ನರ್ಸರಿಗೆ ಕರೆದುಕೊಂಡು ಹೋದಳು. ರಸ್ತೆ ಪಕ್ಕ ಹಸಿರು ಬಲೆ ಕಟ್ಟಿ ಗಿಡ ಮಾರುವ ಜಾಗ.

"ಜಿಂಕೆ ತಿನ್ನದ ಹೂವು ಕೊಡಪ್ಪ" ಅಂದೆ.

ನರ್ಸರಿಯವನು ನೀರಿನ ಪೈಪು ಕೆಳಗಿಟ್ಟ. "ಯಜಮಾನ್ರೆ, ಕೆಂಪು ಹೂವು ಕೇಳ್ತಾರೆ, ವಾಸನೆ ಹೂವು ಕೇಳ್ತಾರೆ. ಹಿಂಗೆ ಕೇಳ್ದೋರು ನೀವೇ ಫಸ್ಟು. ಅದು ಏನ್ ಏನ್ ತಿಂತದೆ ಹೇಳಿ, ಮಿಕ್ಕಿದ್ದು ಕೊಡ್ತೀನಿ."

"ಎಲ್ಲಾ ತಿಂತದೆ" ಅಂದೆ.

ಅವನು ಯೋಚನೆ ಮಾಡಿ ಒಂದು ಕುಂಡ ಎತ್ತಿಕೊಂಡ. ಏನೋ ಹಳದಿ ಹೂವು, ಉದ್ದ ಹೆಸರು ಹೇಳಿದ. "ಇದ ತಗಳಿ. ಗ್ಯಾರಂಟಿ. ಇದನ್ನ ಯಾವ ಪ್ರಾಣೀನೂ ಮೂಸೂ ನೋಡಲ್ಲ" ಅಂದ. ಅನ್ನುತ್ತಾ ಇರುವಾಗಲೇ ಹಿಂದಿನಿಂದ ಒಂದು ಮೇಕೆ ಬಂದು ಅವನ ಕಂಕುಳ ಕೆಳಗೆ ಕತ್ತು ತೂರಿಸಿ ಹೂವಿನ ತಲೆ ಕಿತ್ತು ಅಗಿಯೋಕೆ ಶುರು ಮಾಡಿತು.

ನಾದಿನಿ ಸೆರಗು ಬಾಯಿಗೆ ಇಟ್ಟುಕೊಂಡಳು. ನಾನು ಮೇಕೆ ನೋಡಿದೆ, ಅವನನ್ನು ನೋಡಿದೆ.

"ಇದೇನಪ್ಪ?"

"ಇದು ಪ್ರಾಣಿ ಅಲ್ಲ ಯಜಮಾನ್ರೆ, ನಮ್ಮನೇದು" ಅಂದ.

ನನಗೆ ಆ ಮೇಕೆ ಹಿಡಿಸಿತು. ಅದರ ಹಗ್ಗ ಈಸಿಕೊಂಡೆ. ಸಾಲಿನ ಉದ್ದಕ್ಕೂ ನಡೆಸಿದೆ. ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕಿತು. ನರ್ಸರಿಯವನು "ಅಯ್ಯೋ, ಅಯ್ಯೋ" ಅಂತ ಹಿಂದೆ ಬರ್ತಿದ್ದ. ಕೊನೆಗೆ ನಿತ್ಯಪುಷ್ಪದ ಮುಂದೆ ನಿಂತಿತು. ಗುಲಾಬಿ ಬಣ್ಣದ ಐದೆಸಳಿನ ಹೂವು, ಎಲ್ಲರ ಮನೆ ಮುಂದೆ ಇರುತ್ತಲ್ಲ, ಅದೇ. ಮೂಸಿತು. ಮೇಲ್ತುಟಿ ಎತ್ತಿತು. ಮುಖ ತಿರುಗಿಸಿ ನನ್ನ ಅಂಗಿ ತುದಿ ಕಡಿಯೋಕೆ ಬಂತು.

"ಇದೇ ಕೊಡು" ಅಂದೆ.

ನರ್ಸರಿಯವನು ಹಾಳಾದ ಕುಂಡಗಳನ್ನೆಲ್ಲ ಒಮ್ಮೆ ನೋಡಿದ. ಬೈತಾನೆ ಅಂದುಕೊಂಡೆ. ವ್ಯಾಪಾರಸ್ಥ ಅಂದರೆ ಅವನು. ಮೇಕೆ ಬೆನ್ನು ಸವರಿದ. ಮುಂದಿನ ಸಲ ಆ ಕಡೆ ಹೋದಾಗ ನೋಡ್ತೀನಿ, ಅದನ್ನ ಗೇಟಿನ ಹತ್ರಾನೇ ಕಟ್ಟಿದ್ದಾನೆ. ಬಂದ ಗಿರಾಕಿಗೆ ಹೇಳ್ತಿದ್ದಾನೆ: "ತಡೀರಿ ಸಾರ್, ಒಂದ್ ಮಾತು ಇದನ್ನ ಕೇಳಿ ಹೇಳ್ತೀನಿ."

ಎರಡು ಎಲೆ

ಮೇಕೆ ಹೇಳಿದ್ದು ನಿಜ ಆಯ್ತು. ಜಿಂಕೆ ಬಂದವು, ನಿತ್ಯಪುಷ್ಪ ಮೂಸಿದವು, ಪಕ್ಕದ ಹುಲ್ಲು ತಿಂದು ಹೋದವು. ಗಿಡ ಹಬ್ಬಿಕೊಂಡಿತು, ಹೂವು ಬಿಟ್ಟಿತು. ನಾನು ಗದ್ದುಗೆ ಮುಂದೆ ನಿಂತು ಅವಳಿಗೆ ಹೇಳಿದೆ, ನೋಡೇ, ಗೆದ್ದೆ ಅಂತ.

ಆಮೇಲೆ ಎಲೆ ಕಮ್ಮಿ ಆಗೋಕೆ ಶುರುವಾಯ್ತು. ದಿನಾ ಒಂದಿಷ್ಟು. ಜಿಂಕೆ ಹೆಜ್ಜೆ ಇಲ್ಲ. ನನಗೆ ಅರ್ಥ ಆಗಲಿಲ್ಲ. ಒಂದು ದಿನ ಬೆಳಕು ಹರಿಯುವಾಗ ಬಾಗಿಲ ಸಂದಿಯಿಂದ ನೋಡಿದೆ.

ಮೇಷ್ಟ್ರು ಬಂದರು. ಚಪ್ಪಲಿ ಕಳಚಿದರು. ಕೈ ಮುಗಿದು "ಕ್ಷಮಿಸ್ಬುಡಮ್ಮ" ಅಂದರು. ಎರಡು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಮುಖ ಕಿವುಚಿಕೊಂಡು ಅಗಿದರು. ಅವರ ಹಿಂದೆ ಹಿಟ್ಟಿನ ಗಿರಣಿಯಾಕೆ. ಆಕೆಯ ಹಿಂದೆ ಇನ್ನೂ ಇಬ್ಬರು. ಎಲ್ಲರೂ ಕೈ ಮುಗಿಯೋದು, ಎರಡು ಎಲೆ ಕೀಳೋದು.

ಹೊರಗೆ ಬಂದೆ. "ಏನ್ ಮೇಷ್ಟ್ರೆ ಇದು?"

"ಶುಗರ್ ಕಣಯ್ಯ" ಅಂದರು ಅಗಿಯುತ್ತಾ. "ಬರೀ ಹೊಟ್ಟೇಲಿ ತಿಂದ್ರೆ ಇಳೀತದಂತೆ. ಎಲ್ಲಾರ್ ಮನೇಲೂ ಐತೆ ಈ ಗಿಡ. ಆದ್ರೆ ನಿಮ್ಮನೆಯಮ್ಮನ ಹತ್ರ ಬೆಳ್ದಿದ್ದಕ್ಕೆ ಕಹಿ ಜಾಸ್ತಿ."

ಅದನ್ನು ನಾನು ಹೊಗಳಿಕೆ ಅಂತಲೇ ತಗೊಂಡೆ. ಊರ್ಡಿಗೆರೆ ಡಾಕ್ಟ್ರು ಆಮೇಲೆ ಎಲ್ಲರಿಗೂ ಸೇರಿಸಿ ಬೈದರು, ಸಿಕ್ಕಿದ ಸೊಪ್ಪು ತಿನ್ನಬೇಡಿ, ಮಾತ್ರೆ ತಗೊಳ್ಳಿ ಅಂತ. ಆದರೂ ನಿಲ್ಲಲಿಲ್ಲ.

ಆ ವಾರ ಕುಣಿಗಲ್‌ನಿಂದ ಮಗಳ ಅತ್ತೆ, ನಮ್ಮ ಬೀಗಿತ್ತಿ, ನನ್ನನ್ನ ನೋಡಿಕೊಂಡು ಹೋಗೋಕೆ ಬಂದಿದ್ದರು. ಗಟ್ಟಿ ಹೆಂಗಸು. ಮಾರ್ಕೋನಹಳ್ಳಿ ಡ್ಯಾಮಿನ ನೀರು ಹರಿಯುವ ಗದ್ದೆ ಅವರದು. ಈ ಸುದ್ದಿ ಕೇಳಿ ಕೆಂಡ ಆದರು. "ಏನ್ ಜನ ಬೀಗ್ರೆ! ಸತ್ತೋರ್ ಹತ್ರ ಬೆಳೆದದ್ದ ತಿಂತಾರಾ? ನಾಚ್ಕೆ ಬ್ಯಾಡ್ವಾ? ನಾಳೆ ನಾನೇ ಕಾಯ್ತೀನಿ, ಯಾರ್ ಬತ್ತಾರೋ ನೋಡಾಣ."

ಬೆಳಿಗ್ಗೆ ಎದ್ದಾಗ ಅವರು ಆಗಲೇ ಗದ್ದುಗೆ ಹತ್ರ ಇದ್ದರು. ನನ್ನ ಕಡೆಗೆ ಬೆನ್ನು. ದವಡೆ ಮಾತ್ರ ಆಡ್ತಾ ಇತ್ತು. ಕೆಮ್ಮಿದೆ. ತಿರುಗಿದರು. ತುಟಿ ಮೇಲೆ ಒಂದು ಹೂವಿನ ಎಸಳು ಅಂಟಿಕೊಂಡಿತ್ತು.

"ಈಗ್ ತಾನೇ ಒಂದು ಜಿಂಕೆ ಬಂದು ಹೋಯ್ತು ಬೀಗ್ರೆ" ಅಂದರು.

ಶಿವನ ಪಾಲು

ಶ್ರಾವಣದಲ್ಲಿ ನಮ್ಮ ಮಠದ ಅಯ್ಯನೋರು ಮನೆಗೆ ಬಂದರು. ಪೂಜೆ ಆಯ್ತು, ಪ್ರಸಾದ ಆಯ್ತು. ಗದ್ದುಗೆ ಹತ್ರ ಹೋಗಿ ವಿಭೂತಿ ಇಟ್ಟರು. ಬೋಳು ಗಿಡ ನೋಡಿ ಏನಿದು ಅಂದರು. ಎಲ್ಲ ಹೇಳಿದೆ. ಗುಲಾಬಿಯಿಂದ ಬೀಗಿತ್ತಿವರೆಗೂ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣು ಒರೆಸಿಕೊಂಡು ಹೇಳಿದರು: "ಅಲ್ಲಯ್ಯ, ಊರೋರ್ನೆಲ್ಲಾ ಕೇಳ್ದೆ, ಮೇಕೆ ಕೇಳ್ದೆ. ಶಿವನ್ನ ಕೇಳ್ಬಾರ್ದಾ? ಒಂದ್ ಕಡೆ ಬಸವಣ್ಣ ಮಲಗವ್ನೆ. ಕೈಯಲ್ಲಿ ಜಿಂಕೆ ಹಿಡ್ಕಂಡವ್ನೆ. ಅವೆರಡರ ಮಧ್ಯೆ ಕೂತೋನು ಮಲ್ಲಿಗೆ ಮುಡ್ಕಂಡ್ರೆ ಉಳೀತದಾ? ಅದಕ್ಕೇ ನೋಡು, ಎಕ್ಕ, ದತ್ತೂರಿ, ಕಣಗಿಲೆ. ಯಾವ್ದೂ ಬಾಯಿ ಹಾಕದಂಥವನ್ನೇ ಆರಿಸಿ ಇಟ್ಕಂಡವ್ನೆ. ಕಣಗಿಲೆ ಹಾಕು. ನೀನು ಹೋದ್ಮೇಲೂ ಇರ್ತದೆ."

ಇಷ್ಟು ವರ್ಷ ಪೂಜೆಗೆ ಅವಳು ಕಣಗಿಲೆ ಇಡೋದು ನೋಡಿದ್ದೀನಿ. ಯಾಕೆ ಅಂತ ಹೊಳೆದಿರಲಿಲ್ಲ. ಆದರೂ ಒಂದು ಅನುಮಾನ.

"ಕಣಗಿಲೆ ವಿಷ ಅಲ್ವಾ ಅಯ್ಯನೋರೆ? ಪಾಪ, ಜಿಂಕೆ ಏನಾದ್ರೂ ತಿಂದುಬಿಟ್ರೆ?"

"ಜಿಂಕೆಗೆ ಗೊತ್ತೈತೆ" ಅಂದರು. "ನೀನು ಮೊದ್ಲು ಕುಣಿಗಲ್‌ಗೆ ಫೋನ್ ಮಾಡು."

ಯಾವಮ್ಮ?

ನಾದಿನಿ ಮನೆಯಿಂದ ಕಣಗಿಲೆ ಕಡ್ಡಿ ತಂದು ನೆಟ್ಟೆ. ಎಲೆ ಕೀಳೋಕೆ ಬರ್ತಿದ್ದವರ ಮನೆಮನೆಗೂ ಹೋಗಿ, ಇದು ಅದಲ್ಲ, ಬಾಯಿಗೆ ಇಟ್ಟರೆ ಪ್ರಾಣ ಹೋಗುತ್ತೆ ಅಂತ ಹೇಳಿ ಬಂದೆ. ಮೇಷ್ಟ್ರು ಮುಖ ಸಣ್ಣ ಮಾಡಿಕೊಂಡರು.

ಕಡ್ಡಿ ಚಿಗುರಿತು. ಎದೆ ಮಟ್ಟ ಬಂತು. ಜಿಂಕೆ ಒಂದು ಎಲೇನೂ ಮುಟ್ಟಲಿಲ್ಲ. ಬರೋದು ಮಾತ್ರ ಬಿಡಲಿಲ್ಲ. ಬಿಸಿಲು ಏರುವ ಹೊತ್ತಿಗೆ ಬಂದು ಗಿಡದ ನೆರಳಿನಲ್ಲಿ, ಗದ್ದುಗೆಗೆ ಒರಗಿಕೊಂಡು ಮಲಗೋವು. ಕಾಲು ಮಡಿಸಿಕೊಂಡು, ಕಿವಿ ಮಾತ್ರ ಆಡಿಸಿಕೊಂಡು. ಮೊದಲ ಗೊಂಚಲು ಅರಳಿದ ದಿನ ನಾನು ಬಾಗಿಲಲ್ಲಿ ಕೂತು ನೋಡ್ತಾನೇ ಇದ್ದೆ. ಮೇಲೆ ಗುಲಾಬಿ ಬಣ್ಣದ ಹೂವು, ಕೆಳಗೆ ಚುಕ್ಕೆ ಚುಕ್ಕೆ ಮೈ. ಅಷ್ಟು ಅಂದ ಯಾವ ಕ್ಯಾಲೆಂಡರ್‌ನಲ್ಲೂ ನೋಡಿಲ್ಲ.

ದುರ್ಗಕ್ಕೆ ಹೋಗುವ ಒಂದು ಕಾರು ನಿಂತಿತು. ಅಜ್ಜಿ ಒಬ್ಬರು ಇಳಿದರು. ಜೊತೆಗೆ ಬೂಟು ಹಾಕಿದ ಮಗ, ಮೊಬೈಲ್ ಎತ್ತಿ ಹಿಡಿದಿದ್ದ. ಅಜ್ಜಿ ಜಿಂಕೆ ನೋಡಿದರು, ಹೂವು ನೋಡಿದರು, ವಿಭೂತಿ ನೋಡಿದರು. ಕೆನ್ನೆ ಕೆನ್ನೆ ಬಡಿದುಕೊಂಡರು.

"ಯಾವಮ್ಮನಪ್ಪ ಇದು?"

"ಯಾವಮ್ಮನೂ ಅಲ್ಲ ತಾಯಿ. ನನ್ನ ಹೆಂಡ್ತಿ."

ಅಜ್ಜಿ ಸೆರಗು ತಲೆ ಮೇಲೆ ಎಳೆದುಕೊಂಡರು. "ಅದಕ್ಕೇನಂತೆ. ಎಲ್ಲಾ ಅಮ್ಮನೋರೂ ಯಾರೋ ಒಬ್ಬನ ಹೆಂಡ್ತೀನೇ ತಾನೆ" ಅಂದರು. "ಕೇಳಿದ್ದು ಕೊಡ್ತಾಳಾ?"

ಸುಳ್ಳು ಹೇಳೋಕೆ ಆಗಲಿಲ್ಲ. "ಕೊಡ್ತಾಳೆ. ಮೊದ್ಲು ಬೈತಾಳೆ."

"ಹಂಗಾದ್ರೆ ಶಕ್ತಿ ಐತೆ" ಅಂತ ಅಜ್ಜಿ ಅಲ್ಲೇ ಅಡ್ಡಬಿದ್ದರು. ದುರ್ಗದ ದೇವರಿಗೆ ಅಂತ ತಂದಿದ್ದ ಮಲ್ಲಿಗೆ ಹಾರದಲ್ಲಿ ಅರ್ಧ ಹರಿದು ಗದ್ದುಗೆಗೆ ಇಟ್ಟರು. ಬಾಳೆಹಣ್ಣು ಇಟ್ಟರು. ಮಗನಿಗೆ "ಬೂಟ್ ಹಾಕ್ಕಂಡ್ ನಿಂತಿದ್ದೀಯಲ್ಲೋ, ಕಣ್ ಕಾಣಲ್ವಾ?" ಅಂತ ಗದರಿದರು. ಕಾರು ಹೊರಡುವ ಮೊದಲೇ ಒಂದು ಹೆಣ್ಣು ಜಿಂಕೆ ಎದ್ದು ಮಲ್ಲಿಗೆ ತಿಂದಿತು, ಸಿಪ್ಪೆ ಸಮೇತ ಹಣ್ಣು ತಿಂದಿತು, ಕಣಗಿಲೆ ಮೂಸಿ ಮುಖ ತಿರುಗಿಸಿ ಮಲಗಿತು. ಅಜ್ಜಿ ಕಿಟಕಿಯಿಂದ ಕೂಗಿದರು: "ನೋಡ್ರೋ, ಒಪ್ಪಿಸ್ಕಂಡ್ಲು!"

ಮಗ ಆ ವಿಡಿಯೋ ಎಲ್ಲಿ ಹಾಕಿದನೋ. ದಿನಾ ಕಾರು ನಿಲ್ಲೋಕೆ ಶುರುವಾಯ್ತು. ಒಬ್ಬರು ತೆಂಗಿನಕಾಯಿ ತಂದರು. ಒಬ್ಬಾಕೆ ಮಗನಿಗೆ ಹೆಣ್ಣು ಸಿಗಲಿ ಅಂತ ಗಿಡಕ್ಕೆ ದಾರ ಕಟ್ಟಿ ಹೋದರು. ಇನ್ನೊಬ್ಬರು ನನ್ನನ್ನೇ ಹಿಡಿದು "ಸ್ವಾಮಿ, ಮಂಗಳಾರತಿ ಎಷ್ಟೊತ್ತಿಗೆ?" ಅಂದರು. ನಾನು ಆಗ ಲುಂಗಿ ಎತ್ತಿ ಕಟ್ಟಿ ಪಾತ್ರೆ ತೊಳೀತಿದ್ದೆ. ಹೂವು ಅಂತೂ ರಾಶಿ. ಜಿಂಕೆಗಳು ಮೈ ತುಂಬಿಕೊಂಡವು. ಮೊನ್ನೆ ಒಬ್ಬ ಬೂಟುಗಾಲಲ್ಲೇ ಗದ್ದುಗೆ ಅಂಚಿಗೆ ಹತ್ತಿ ಜಿಂಕೆ ಜೊತೆ ಸೆಲ್ಫಿ ತೆಗೆಯೋಕೆ ಹೋದ. ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.

ಅವತ್ತು ಸಂಜೆ ನಾದಿನಿಗೆ ಫೋನ್ ಮಾಡಿದೆ. ನಕ್ಕು ನಕ್ಕು ಆಮೇಲೆ ಹೇಳಿದಳು: "ಬೋರ್ಡ್ ಹಾಕಿ ಭಾವ, ದೇವ್ರಲ್ಲ ಅಂತ. ಹುಣಸೇಹಣ್ಣಿಗೆ ನನ್ ಜೊತೆ ಜುಟ್ಟು ಜುಟ್ಟು ಹಿಡ್ಕಂಡ್ ಜಗಳ ಆಡ್ದೋಳು ನಮ್ಮಕ್ಕ. ಅವಳ್ಯಾವ ಸೀಮೆ ದೇವ್ರು!"

ಸರಿ ಅನ್ನಿಸಿತು. ಮಾರನೇ ಬೆಳಿಗ್ಗೆ ಒಂದು ತಗಡು ಹುಡುಕಿ, ಅಂಗಡಿಯಲ್ಲಿ ಮೋಟರ್‌ಗೆ ಬಳಿದು ಮಿಕ್ಕ ಪೇಂಟು ತಗೊಂಡು ಕೂತೆ. ಬರೆಯೋದು ನನಗೆ ನಿಧಾನ. ಒಂದೊಂದೇ ಅಕ್ಷರ ತಿದ್ದಿ "ಇದು ದೇವರಲ್ಲ" ಅಂತ ಬರೆದೆ. ದೂರ ನಿಂತು ಓದಿದೆ. ಆ ಕಡೆ ಕಣಗಿಲೆ ಇನ್ನೊಂದು ಗೊಂಚಲು ಬಿಟ್ಟಿತ್ತು. ಮತ್ತೆ ಓದಿದೆ. ಸೀಮೆಎಣ್ಣೆ ಬಟ್ಟೆ ತಂದು ಅಷ್ಟನ್ನೂ ಒರೆಸಿದೆ. ಅದೇ ಜಾಗದಲ್ಲಿ "ಚಪ್ಪಲಿ ಬಿಟ್ಟು ಬನ್ನಿ" ಅಂತ ಬರೆದು, ಗೂಟಕ್ಕೆ ಮೊಳೆ ಹೊಡೆದು, ನನ್ನ ಚಪ್ಪಲೀನೂ ಅದರ ಕೆಳಗೆ ಬಿಟ್ಟೆ.